ಮೊದಲು ಏನು ಮಾಡಿಸಲಿ, ಮೇಸ್ತ್ರಿ?

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಗೂ ಅದರ ಹಿಂದಿನ ಗಲ್ಲಿಗಳ ಗ್ಯಾರೇಜುಗಳಿಗೂ ಹೊಸ ಕಾರು ತಂದ ಹುಡುಗರು ಕೇಳುವ ಪ್ರಶ್ನೆ ಮೂವತ್ತು ವರ್ಷದಿಂದ ಒಂದೇ: ಪಿಕಪ್ ಹೆಚ್ಚಬೇಕು, ಮೊದಲು ಏನು ಮಾಡಿಸಲಿ? ಉತ್ತರ ಮಾತ್ರ ಮತ್ತೆ ಮತ್ತೆ ಬದಲಾಯಿತು. ಒಂದು ಕಾಲಕ್ಕೆ ಕಾರ್ಬ್ಯುರೇಟರಿನ ಜೆಟ್, ಆಮೇಲೆ ಏರ್ ಫಿಲ್ಟರ್ ಮತ್ತು ಸೈಲೆನ್ಸರ್, ಆಮೇಲೆ ಡೀಸೆಲ್ ಕಾರಿಗೆ ಜೋಡಿಸುವ ಪುಟ್ಟ ಡಬ್ಬಿ, ಈಗ ಲ್ಯಾಪ್‌ಟಾಪ್. ಈ ಉತ್ತರಗಳು ಒಂದೊಂದಾಗಿ ಬಂದು ಹೋದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲು ಗ್ಯಾರೇಜಿನಲ್ಲಿ ಪಾನಾ ಎತ್ತಿಕೊಡುವ ಹುಡುಗನಾಗಿ, ಆಮೇಲೆ ಬಿಡಿಭಾಗದ ಅಂಗಡಿಯ ಕೌಂಟರಿನ ಹಿಂದೆ ನಿಂತು. ನನಗೆ ಕೆಲಸ ಕಲಿಸಿದ ಮೇಸ್ತ್ರಿಯ ಉತ್ತರ ಮಾತ್ರ ಕೊನೆಯವರೆಗೂ ಬದಲಾಗಲಿಲ್ಲ. ಅವರು ಹೇಳುತ್ತಿದ್ದುದು ಟೈರು ಮತ್ತು ಬ್ರೇಕು. ಇಷ್ಟು ವರ್ಷದ ಮೇಲೆ ನನ್ನ ಉತ್ತರವೂ ಅದೇ.

1993ರಲ್ಲಿ ಮಾರುತಿ ಝೆನ್ ಬರುವ ಮುಂಚೆ ಕಾರಿಗೆ ಏನಾದರೂ 'ಮಾಡಿಸುವುದು' ಅಂದರೆ ಸೀಟ್ ಕವರು, ಜೋಡಿ ಹಾರ್ನು, ಫಾಗ್ ಲ್ಯಾಂಪು, ಹೆಚ್ಚೆಂದರೆ ಒಂದು ಒಳ್ಳೆಯ ಟೇಪ್ ರೆಕಾರ್ಡರ್. ಮಿನರ್ವ ವೃತ್ತದಿಂದ ಪುರಭವನದವರೆಗೆ ಸಾಲುಸಾಲು ಅಂಗಡಿಗಳು ಬದುಕಿದ್ದು ಇವುಗಳ ಮೇಲೆಯೇ. ಝೆನ್ ಬಂದ ಮೇಲೆ ಕಥೆ ಬೇರೆಯಾಯಿತು. 993 ಸಿಸಿಯ ಅಲ್ಯೂಮಿನಿಯಂ ಎಂಜಿನ್, 50 ಎಚ್‌ಪಿ, ಏಳುನೂರು ಚಿಲ್ಲರೆ ಕಿಲೋ ತೂಕ. ಅಂಬಾಸಿಡರ್, ಪದ್ಮಿನಿ ಓಡಿಸಿ ಭುಜ ನೋಯಿಸಿಕೊಂಡವರಿಗೆ ಈ ಕಾರಿನ ಸ್ಟೀರಿಂಗ್ ಹಿಡಿದಾಗ ಆದ ಸಂತೋಷವನ್ನು ಇವತ್ತಿನವರಿಗೆ ವಿವರಿಸುವುದು ಕಷ್ಟ. ಮರುವರ್ಷ 1298 ಸಿಸಿಯ ಎಸ್ಟೀಮ್ ಬಂತು. ಎರಡೂ ಒಂದೇ ವಂಶದ ಎಂಜಿನ್‌ಗಳಾದ್ದರಿಂದ ಎಸ್ಟೀಮಿನದನ್ನು ಎತ್ತಿ ಝೆನ್‌ಗೆ ಕೂರಿಸುವ ಧೈರ್ಯಶಾಲಿಗಳೂ ಬೆಂಗಳೂರಿನಲ್ಲಿ ಹುಟ್ಟಿಕೊಂಡರು.

ಆಗ ಎಂಜಿನ್ ಕೆಲಸ ಅಂದರೆ ಕಣ್ಣು, ಕಿವಿ ಮತ್ತು ಮೂಗಿನ ಕೆಲಸ. ಮೇಸ್ತ್ರಿ ಪೆಟ್ಟಿಗೆ ಅಂಗಡಿಯವರೆಗೆ ಕಾರು ಓಡಿಸಿ ಬಂದು, ಎಂಜಿನ್ ಆರಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯುತ್ತಿದ್ದರು. ತುದಿ ಕಪ್ಪಗಿದ್ದರೆ ಪೆಟ್ರೋಲು ಜಾಸ್ತಿ, ಬೆಳ್ಳಗಿದ್ದರೆ ಕಡಿಮೆ, ತಿಳಿಕಂದು ಇದ್ದರೆ ಮಿಶ್ರಣ ಸರಿ. ಜೆಟ್ ಬದಲಿಸುವುದು, ಟೈಮಿಂಗ್ ಒಂದು ಕೂದಲೆಳೆ ಮುಂದಕ್ಕೆ ಎಳೆಯುವುದು, ಮತ್ತೆ ಓಡಿಸುವುದು, ಮತ್ತೆ ಪ್ಲಗ್ ಬಿಚ್ಚುವುದು. ಒಂದು ಕಾರಿಗೆ ಇಡೀ ದಿನ ಹೋಗುತ್ತಿತ್ತು. ಇನ್ನೂ ಬೇಕು ಅನ್ನುವವರ ಎಂಜಿನ್ ಹೆಡ್ ಲೇತಿಗೆ ಹೋಗಿ, ಅಡಿಭಾಗ ತುಸು ಸವೆದು ಬರುತ್ತಿತ್ತು. ಉರಿಯುವ ಕೋಣೆ ಕಿರಿದಾದಷ್ಟೂ ಕಂಪ್ರೆಷನ್ ಏರುತ್ತದೆ, ಬಲವೂ ಏರುತ್ತದೆ. ಆದರೆ ಬಂಕಿನಲ್ಲಿ ಸಿಗುತ್ತಿದ್ದುದು 87 ಆಕ್ಟೇನಿನ ಪೆಟ್ರೋಲು. ಸ್ವಲ್ಪ ಹೆಚ್ಚು ಸವೆಸಿದರೂ ಏರು ಹತ್ತುವಾಗ ಎಂಜಿನ್ ಒಳಗೆ ಕಟಕಟ ಶುರುವಾಗುತ್ತಿತ್ತು. ಆ ಸದ್ದು ಕೇಳಿದ ತಕ್ಷಣ ಮೇಸ್ತ್ರಿ ಮುಖ ಗಂಟಿಕ್ಕುತ್ತಿದ್ದರು. ಪಿಸ್ಟನ್ನಿಗೆ ಪೆಟ್ಟು ಬೀಳುತ್ತಿದೆ ಅನ್ನುವುದು ಅವರಿಗೆ ಗೊತ್ತಿತ್ತು.

ಇಷ್ಟು ಬಲ್ಲ ಮನುಷ್ಯ ಗಿರಾಕಿ ಬಂದ ಕೂಡಲೇ ಬಾನೆಟ್ ಎತ್ತುತ್ತಿರಲಿಲ್ಲ. ಮೊದಲು ಜಾಕ್ ಹಾಕಿ ಮುಂದಿನ ಗಾಲಿ ಬಿಚ್ಚಿಸುತ್ತಿದ್ದರು. "ತಮ್ಮಾ, ನಂದಿ ಬೆಟ್ಟದಿಂದ ಕೆಳಗೆ ಇಳಿಯುವಾಗ ಪೆಡಲ್ ಹೇಗಿರುತ್ತೆ?" ಅಂತ ಕೇಳುತ್ತಿದ್ದರು. ಮೆತ್ತಗಾಗುತ್ತೆ ಅಂತ ಹುಡುಗ ಅಂದರೆ, "ಹಂಗಾದ್ರೆ ಪಿಕಪ್ ಮಾತು ಮುಂದಿನ ತಿಂಗಳು ಆಡೋಣ" ಅನ್ನುತ್ತಿದ್ದರು. ಕೆಲವರು ಸಿಟ್ಟಾಗಿ ಪಕ್ಕದ ಗ್ಯಾರೇಜಿಗೆ ಹೋಗುತ್ತಿದ್ದರು. ಅವರನ್ನು ಕರೆದು ನಿಲ್ಲಿಸಿದ್ದನ್ನು ನಾನು ನೋಡಿಲ್ಲ.

ಅವರು ಕೇಳುತ್ತಿದ್ದ ಪ್ರಶ್ನೆಯ ಹಿಂದೆ ಇರುವುದು ನೇರವಾದ ವಿಜ್ಞಾನ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4ರದ್ದು 230. ನೀರು ಸೇರುತ್ತ ಹೋದಂತೆ ಈ ಅಂಕಿ ಬಹಳ ಕೆಳಗಿಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಕಾದು ದ್ರವ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಕಾಲಿನ ಬಲ ಗಾಲಿಗೆ ತಲುಪುವುದಿಲ್ಲ. ಝೆನ್‌ಗೆ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಐವತ್ತು ಎಚ್‌ಪಿಗೆ ಅದು ಸಾಕಿತ್ತು. ಎಂಜಿನ್ ಬದಲಿಸಿದ ಕಾರಿಗೆ, ಚಾರ್ಮಾಡಿ ಅಥವಾ ಆಗುಂಬೆ ಇಳಿಯುವ ಕಾರಿಗೆ ಸಾಲುತ್ತಿರಲಿಲ್ಲ. ಒಳ್ಳೆಯ ಪ್ಯಾಡು, ಹೊಸ ಡಾಟ್ 4 ದ್ರವ, ಬಿರುಕು ಬಿಡದ ರಬ್ಬರ್ ಹೋಸು: ಇದಿಷ್ಟಕ್ಕೆ ತಗಲುವ ಖರ್ಚು ಆಗಲೂ ಕಡಿಮೆ, ಈಗಲೂ ಕಡಿಮೆ.

ಮೇಸ್ತ್ರಿ ಬಾಯಿ ಬಿಡುವ ಮುಂಚೆಯೇ ಈ ಮಾತನ್ನು ಅರ್ಥ ಮಾಡಿಕೊಂಡಿದ್ದವರು ರ್‍ಯಾಲಿ ಹುಡುಗರು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿ ಹತ್ತಿರ ಬಂತೆಂದರೆ ನಮ್ಮ ಗಲ್ಲಿಯಲ್ಲಿ ಎಸ್ಟೀಮುಗಳೂ ಜಿಪ್ಸಿಗಳೂ ಕಾಣಿಸುತ್ತಿದ್ದವು. ಅವರು ಮೊದಲು ಹಾಕಿಸುತ್ತಿದ್ದುದು ಎಂಜಿನ್ ಅಡಿಗೆ ದಪ್ಪ ಸಂಪ್ ಗಾರ್ಡ್, ಒಳಗೆ ಕಬ್ಬಿಣದ ಪಂಜರ, ಸೀಟಿಗೆ ಅಗಲ ಬೆಲ್ಟು. ಆಮೇಲೆ ಶಾಕ್ ಅಬ್ಸಾರ್ಬರ್, ಬ್ರೇಕು, ಟೈರು. ಎಂಜಿನ್ ಸರದಿ ಕೊನೆಗೆ. ಗಡಿಯಾರದೊಂದಿಗೆ ಸ್ಪರ್ಧೆ ಮಾಡುವವರಿಗೆ ಸಮಯ ಎಲ್ಲಿ ಉಳಿಯುತ್ತದೆ ಅನ್ನುವುದು ಗೊತ್ತಿರುತ್ತದೆ. ತಿರುವಿಗೆ ತಡವಾಗಿ ಬ್ರೇಕ್ ಹಾಕಲು ಬರುವವನು ನೇರ ದಾರಿಯಲ್ಲಿ ಹತ್ತು ಎಚ್‌ಪಿ ಹೆಚ್ಚಿರುವವನನ್ನು ಹಿಂದೆ ಹಾಕುತ್ತಾನೆ. ಮುಂದೆ ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿಯ ಸುತ್ತು ನಡೆದಾಗಲೂ ನಾನು ಸರ್ವಿಸ್ ಡೇರೆಗಳ ಸುತ್ತ ಇದನ್ನೇ ಕಂಡೆ. ಅಲ್ಲಿ ಹೆಚ್ಚು ಚರ್ಚೆ ನಡೆಯುತ್ತಿದ್ದುದು ಟೈರಿನ ಬಗ್ಗೆ.

ಕಾರ್ಬ್ಯುರೇಟರ್ ಕಾಲ ಬಹಳ ಬೇಗ ಮುಗಿಯಿತು. 2000ದ ಫೆಬ್ರುವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು, ಹೊಗೆಯ ನಿಯಮಗಳ ಬಿಗಿ, ಹೊಸ ಪೆಟ್ರೋಲ್ ಕಾರುಗಳಿಗೆ ಎಂಪಿಎಫ್‌ಐ. ಎಷ್ಟು ಪೆಟ್ರೋಲು ಸುರಿಯಬೇಕು ಅನ್ನುವುದನ್ನು ಈಗ ಡಬ್ಬಿಯೊಳಗಿನ ಕಂಪ್ಯೂಟರ್ ತೀರ್ಮಾನಿಸುತ್ತಿತ್ತು. ಮೇಸ್ತ್ರಿಯ ಸ್ಕ್ರೂಡ್ರೈವರಿಗೆ ತಿರುಗಿಸಲು ಏನೂ ಉಳಿಯಲಿಲ್ಲ. ನಮ್ಮ ಬೀದಿಯಲ್ಲಿ ಎಷ್ಟೋ ಒಳ್ಳೆಯ ಕೈಗಳು ಆ ನಾಲ್ಕೈದು ವರ್ಷಗಳಲ್ಲಿ ಕೆಲಸ ಬಿಟ್ಟವು. ಅವರ ಕಿವಿಯಲ್ಲಿದ್ದ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲ ಅನ್ನುವ ಸಂಕಟ ನನಗೆ ಇನ್ನೂ ಇದೆ.

ಗಿರಾಕಿಗಳ ಆಸೆ ಮಾತ್ರ ಕಡಿಮೆಯಾಗಲಿಲ್ಲ. 2001ರಲ್ಲಿ ಬಂದ ಫಿಯೆಟ್ ಪಾಲಿಯೊ 1.6 ಸಣ್ಣ ಕಾರಿನಲ್ಲಿ 100 ಎಚ್‌ಪಿ ಕೊಟ್ಟು ಹುಡುಗರ ತಲೆ ತಿರುಗಿಸಿತು. ಕಂಪ್ಯೂಟರಿನ ಒಳಗೆ ಕೈಹಾಕಲು ಬಾರದ ಆ ದಿನಗಳಲ್ಲಿ ಮಾರಾಟವಾದದ್ದು ಬಿಚ್ಚಿ ಜೋಡಿಸಲು ಬರುವ ಎರಡು ವಸ್ತುಗಳು: ಕೋನ್ ಆಕಾರದ ಏರ್ ಫಿಲ್ಟರ್, ಫ್ರೀ ಫ್ಲೋ ಸೈಲೆನ್ಸರ್. ನಾನು ಆಗ ಕೌಂಟರಿನಲ್ಲಿದ್ದೆ. ಎಂತಹ ಬೇಡಿಕೆ! ಶನಿವಾರ ಅಂಗಡಿ ಮುಂದೆ ಕಾರು ನಿಲ್ಲಿಸಲು ಜಾಗವಿರುತ್ತಿರಲಿಲ್ಲ. ಆದರೆ ಬಾನೆಟ್ಟಿನೊಳಗೆ ಬರಿದೇ ಕೂತ ಕೋನ್ ಫಿಲ್ಟರ್ ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತದೆ. ಬಿಸಿಗಾಳಿಯಲ್ಲಿ ಆಮ್ಲಜನಕ ಕಡಿಮೆ. ಕಂಪನಿ ಕೊಟ್ಟ ಫಿಲ್ಟರ್ ಡಬ್ಬಿ ಹೊರಗಿನ ತಣ್ಣನೆಯ ಗಾಳಿ ತರುವ ಹಾಗೆ ಕೊಳವೆ ಸಮೇತ ವಿನ್ಯಾಸಗೊಂಡಿರುತ್ತದೆ. ಸೈಲೆನ್ಸರ್ ವಿಚಾರವೂ ಹೀಗೇ. ತೋಟಕ್ಕೆ ನೀರು ಹಾಯಿಸುವಾಗ ಪೈಪಿನ ಬಾಯಿಯನ್ನು ಬೆರಳಿಂದ ತುಸು ಒತ್ತಿ ಹಿಡಿದರೆ ನೀರು ರಭಸದಿಂದ ಚಿಮ್ಮುವಂತೆ, ಹೊಗೆಗೂ ಒಂದು ವೇಗ ಬೇಕು. ಆ ವೇಗದಲ್ಲಿ ಹೊರಟ ಹೊಗೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಸಣ್ಣ ಎಂಜಿನ್‌ಗೆ ದಪ್ಪ ಕೊಳವೆ ಹಾಕಿದರೆ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಸೋರಿಹೋಗುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನವೆಲ್ಲ ಬೇಕಾಗುವುದು ಆ ಕೆಳಗಿನ ಎಳೆತವೇ. ಸದ್ದು ಹೆಚ್ಚಾದದ್ದನ್ನೇ ವೇಗ ಹೆಚ್ಚಾಯಿತು ಎಂದು ನಂಬಿ ಸಂತೋಷದಿಂದ ಹೋದವರೇ ಜಾಸ್ತಿ.

2005ರ ಸ್ವಿಫ್ಟ್ ಬಂದಾಗ ಮಾರುಕಟ್ಟೆ ಮೊದಲ ಬಾರಿ ಸರಿಯಾದ ದಾರಿಯ ಹತ್ತಿರ ಬಂತು. ಕಂಪನಿಯ 185/70 ಆರ್14 ಟೈರು ತೆಗೆಸಿ 195/60 ಆರ್15 ಹಾಕಿಸುವುದು ಆಗ ಎಲ್ಲರ ಬಾಯಲ್ಲೂ ಇದ್ದ ಸಲಹೆ. ಲೆಕ್ಕವೂ ಸರಿಯಾಗಿತ್ತು: ಎರಡರ ಹೊರ ವ್ಯಾಸವೂ ಸುಮಾರು 615 ಮಿಲಿಮೀಟರು, ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಗೇರಿನ ಲಯ ಕೆಡುವುದಿಲ್ಲ. ಟೈರಿನ ಪಕ್ಕೆ ಗಿಡ್ಡವಾದ್ದರಿಂದ ತಿರುವಿನಲ್ಲಿ ಕಾರು ಕಡಿಮೆ ವಾಲುತ್ತದೆ. ಕಾರಿನೊಂದಿಗೆ ಬರುವ ಟೈರು ಬಹುಮಟ್ಟಿಗೆ ಮೈಲೇಜು ಮತ್ತು ಬಾಳಿಕೆಗೆಂದು ಆರಿಸಿದ್ದು. ಮೆದು ರಬ್ಬರಿನ ಒಳ್ಳೆಯ ಟೈರು ಹಾಕಿಸಿದವರು ಮೊದಲ ಮಳೆಯಲ್ಲೇ ವ್ಯತ್ಯಾಸ ಕಂಡು ಬಂದು ಹೇಳುತ್ತಿದ್ದರು. ಬೇಸರದ ಸಂಗತಿಯೆಂದರೆ, ಹಲವರು ಹಣವನ್ನೆಲ್ಲ ಅಲಾಯ್ ಗಾಲಿಯ ಅಂದಕ್ಕೆ ಸುರಿದು ಟೈರಿನಲ್ಲಿ ಉಳಿತಾಯ ಮಾಡುತ್ತಿದ್ದರು. ಅಗ್ಗದ ಅಲಾಯ್‌ಗಳು ನಮ್ಮ ಗುಂಡಿಗಳಲ್ಲಿ ಬಿರುಕು ಬಿಟ್ಟು ವಾಪಸ್ ಬರುತ್ತಿದ್ದವು. ಸ್ಪ್ರಿಂಗ್ ಕತ್ತರಿಸಿ ಕಾರನ್ನು ಕೆಳಗಿಳಿಸುವ ಹುಚ್ಚೂ ಆಗಲೇ ಹಬ್ಬಿತು. ಶಾಕ್ ಅಬ್ಸಾರ್ಬರ್ ಬದಲಿಸದೆ ಸ್ಪ್ರಿಂಗ್ ಮಾತ್ರ ಕತ್ತರಿಸಿದ ಕಾರು ಹಂಪಿನ ಮೇಲೆ ಹೊಟ್ಟೆ ಉಜ್ಜುತ್ತದೆ, ತಿರುವಿನಲ್ಲಿ ಜಿಗಿಯುತ್ತದೆ. ಅದಕ್ಕೆ ನಾನು ಯಾವತ್ತೂ ಒಪ್ಪಿಲ್ಲ.

2007ರಲ್ಲಿ ಡೀಸೆಲ್ ಸ್ವಿಫ್ಟ್ ಬಂದ ಮೇಲೆ ಟ್ಯೂನಿಂಗ್ ಡಬ್ಬಿಗಳ ಕಾಲ. 1.3 ಲೀಟರಿನ ಆ ಎಂಜಿನ್ 190 ನ್ಯೂಟನ್ ಮೀಟರ್ ಎಳೆತ ಕೊಡುತ್ತಿತ್ತು. ಡಬ್ಬಿಯನ್ನು ರೈಲ್ ಪ್ರೆಷರ್ ಸೆನ್ಸರಿಗೂ ಕಂಪ್ಯೂಟರಿಗೂ ನಡುವೆ ಸಿಕ್ಕಿಸಿದರೆ ಅದು ಒತ್ತಡ ಕಡಿಮೆ ಇದೆ ಎಂದು ಸುಳ್ಳು ವರದಿ ಕೊಡುತ್ತದೆ. ಕಂಪ್ಯೂಟರ್ ಒತ್ತಡ ಏರಿಸುತ್ತದೆ, ಹೆಚ್ಚು ಡೀಸೆಲ್ ಒಳಗೆ ಹೋಗುತ್ತದೆ. ಅರ್ಧ ಗಂಟೆಯ ಕೆಲಸ, ಪರಿಣಾಮ ಕಾಲಿಗೇ ಗೊತ್ತಾಗುತ್ತಿತ್ತು. ಜೊತೆಗೆ ಕಪ್ಪು ಹೊಗೆ, ಜಾರುವ ಕ್ಲಚ್ ಪ್ಲೇಟು.

ಆಮೇಲೆ 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ ಪೆಟ್ರೋಲ್, 105 ಪಿಎಸ್, 175 ನ್ಯೂಟನ್ ಮೀಟರ್, ಏಳು ಗೇರಿನ ಡಿಎಸ್‌ಜಿ. ಟರ್ಬೊ ಕಾರಿಗೆ ಲ್ಯಾಪ್‌ಟಾಪ್ ಜೋಡಿಸಿ ಕಂಪ್ಯೂಟರಿನ ನಕ್ಷೆಯನ್ನೇ ತಿದ್ದಿ ಬರೆದರೆ, ಒಂದು ನಟ್ಟೂ ಬಿಚ್ಚದೆ ಇಪ್ಪತ್ತಕ್ಕೂ ಮೇಲ್ಪಟ್ಟು ಎಚ್‌ಪಿ ಏರುತ್ತದೆ. ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯುತ್ತಿದ್ದ ಜಾಗದಲ್ಲಿ ಈಗ ಡೈನೋ ರೋಲರುಗಳ ಮೇಲೆ ಕಾರು ಓಡಿಸಿ ಗ್ರಾಫ್ ತೆಗೆಯುತ್ತಾರೆ. ಈ ಬದಲಾವಣೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬಾಯಿಮಾತಿನ ಎಚ್‌ಪಿ ಹೋಗಿ ಅಳೆದ ಎಚ್‌ಪಿ ಬಂತು. ಒಳ್ಳೆಯ ಟ್ಯೂನರ್ ಗೇರ್‌ಬಾಕ್ಸಿನ ಮಿತಿಯನ್ನೂ ನೋಡುತ್ತಾನೆ: ಆ ಡ್ರೈ ಕ್ಲಚ್ ಡಿಎಸ್‌ಜಿ ವಿನ್ಯಾಸಗೊಂಡದ್ದು 250 ನ್ಯೂಟನ್ ಮೀಟರ್‌ವರೆಗೆ. ಆದರೆ ನಕ್ಷೆ ಬರೆಸಿಕೊಂಡು ಹೋದ ಹುಡುಗರು ವಾರದಲ್ಲೇ ಬಂದು, ಒದ್ದೆ ರಸ್ತೆಯಲ್ಲಿ ಮುಂದಿನ ಗಾಲಿಗಳು ಸುಮ್ಮನೆ ತಿರುಗುತ್ತವೆ, ಏನು ಮಾಡಲಿ ಅಂತ ಕೇಳುತ್ತಿದ್ದರು. ಹಳೆಯ ಮೇಸ್ತ್ರಿ ಆಗ ಬದುಕಿರಲಿಲ್ಲ. ಇದ್ದಿದ್ದರೆ ಜಾಕ್ ತರಿಸುತ್ತಿದ್ದರು.

ಕಾನೂನಿನ ಮಾತನ್ನೂ ಹೇಳಲೇಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರು ಕೊಟ್ಟ ವಿವರಣೆಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ಹೇಳುತ್ತದೆ. ಸದ್ದಿನ ಸೈಲೆನ್ಸರ್ ವ್ಯಾಪಾರ ಇದರಿಂದ ಬಡಕಲಾಯಿತು. ಆಸ್ಪತ್ರೆ, ಶಾಲೆಗಳ ಮುಂದೆ ಅಬ್ಬರಿಸಿಕೊಂಡು ಹೋಗುತ್ತಿದ್ದ ಕಾರುಗಳನ್ನು ನೆನೆದರೆ ಆ ನಷ್ಟಕ್ಕೆ ನನಗೆ ದುಃಖವಿಲ್ಲ. ಬದಲಾವಣೆ ಮಾಡಿಸಿ ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತವಾದಾಗ ಪರಿಹಾರ ತಿರಸ್ಕೃತವಾಗುವ ಅಪಾಯವೂ ಇದೆ. ಆದ್ದರಿಂದ ಟೈರಿನ ಅಳತೆಯನ್ನೂ ಅದೇ ಕಾರಿನ ಮೇಲಿನ ಮಾಡೆಲಿಗೆ ಕಂಪನಿ ಕೊಟ್ಟ ಅಳತೆಯೊಳಗೇ ಇಟ್ಟುಕೊಳ್ಳಿ ಎನ್ನುವುದು ನನ್ನ ಈಗಿನ ಸಲಹೆ. ಅದೇ ಅಳತೆಯ ಉತ್ತಮ ಟೈರು, ಉತ್ತಮ ಪ್ಯಾಡು, ಹೊಸ ಬ್ರೇಕ್ ಆಯಿಲ್ ಹಾಕಿಸಿದರೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ, ವಾರಂಟಿಯೂ ಹೋಗುವುದಿಲ್ಲ. ಇನ್ನೂ ವೇಗ ಬೇಕೆನ್ನುವವರಿಗೆ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ, ಬೆಂಗಳೂರಿನಿಂದ ಅರ್ಧ ದಿನದ ದಾರಿ.

ಹೊಸದಾಗಿ ಸಣ್ಣ ಟರ್ಬೊ ಕಾರು ಕೊಂಡವರಲ್ಲಿ ನನ್ನದೊಂದು ಕೋರಿಕೆ. ಎಂಜಿನ್ ಮಾತೆತ್ತುವ ಮುಂಚೆ ಟೈರಿನ ಪಕ್ಕೆಯ ಮೇಲೆ ಡಾಟ್ ಎಂದು ಶುರುವಾಗುವ ಬರಹದ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ ಆ ಟೈರು 2019ರ 23ನೆಯ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ್ದರೆ, ಇಲ್ಲವೇ ಟೈರಿನ ಮೇಲಿನ ಸಾಲುಗಳ ಆಳ 1.6 ಮಿಲಿಮೀಟರಿಗೆ ಇಳಿದಿದ್ದರೆ, ನಿಮ್ಮ ಮೊದಲ ಖರ್ಚು ಅಲ್ಲಿಯೇ. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ಇದನ್ನು ಮಾಡಿಸಿದ ಮೇಲೆ ಲ್ಯಾಪ್‌ಟಾಪಿನವರ ಹತ್ತಿರ ಹೋಗಿ.