ಎಡಗಡೆ ಸೀಟಿನ ಶಾಲೆ

ಹಳೇ ಲಾರಿ ಡ್ರೈವರುಗಳನ್ನು ಮಾತಿಗೆ ಕೂರಿಸಿದರೆ ಕಥೆಗೆ ಬರವಿಲ್ಲ. ಘಾಟಿಯಲ್ಲಿ ಅಡ್ಡ ನಿಂತ ಆನೆ, ಚೆಕ್‌ಪೋಸ್ಟಿನ ಮುಂಗೋಪಿ ಗುಮಾಸ್ತ, ಮಧ್ಯರಾತ್ರಿ ಕೈ ಅಡ್ಡ ಹಾಕಿ ಲಾರಿ ನಿಲ್ಲಿಸೋ ಬಿಳಿ ಸೀರೆ ಹೆಂಗಸು. (ಈಕೆ ನಮ್ಮ ಎಲ್ಲಾ ಘಾಟಿಗಳಲ್ಲೂ ಡ್ಯೂಟಿ ಮಾಡ್ತಾಳೆ.) ಆದರೆ ಸ್ವಲ್ಪ ಗಮನ ಕೊಟ್ಟು ಕೇಳಿ. ಪ್ರತಿ ಕಥೆಯಲ್ಲೂ ಇನ್ನೊಬ್ಬ ಹುಡುಗ ಇರ್ತಾನೆ. ಕೆಳಗೆ ಹಾರಿ ಚಕ್ರಕ್ಕೆ ಕಲ್ಲು ಕೊಟ್ಟವನು, ಓಡಿ ಹೋಗಿ ಟೀ ತಂದವನು, ಹಿಂದೆ ನಿಂತು "ಬರ್ಲಿ, ಬರ್ಲಿ, ಹೋಲ್ಡಾನ್!" ಅಂತ ಕೂಗಿದವನು. ಕಥೆಯಲ್ಲಿ ಅವನಿಗೆ ಹೆಸರಿರೋದಿಲ್ಲ. ಅವನು ಕ್ಲೀನರ್.

ಹೊರದೇಶದಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಮಾತು: ಕ್ಲೀನರ್ ಅಂದರೆ ಬರೀ ಲಾರಿ ತೊಳೆಯೋ ಹುಡುಗ ಅಂದುಕೊಳ್ಳಬೇಡಿ. ಅವನು ಸಹಾಯಕ, ಕಾವಲುಗಾರ, ಅಡುಗೆಯವನು, ಎಲ್ಲಕ್ಕಿಂತ ಹೆಚ್ಚಾಗಿ ಡ್ರೈವರಿನ ಶಿಷ್ಯ. ನಮ್ಮ ಲಾರಿಗಳಲ್ಲಿ ಸ್ಟೀರಿಂಗ್ ಬಲಗಡೆ, ಕ್ಲೀನರಿನ ಸೀಟು ಎಡಗಡೆ. ನನ್ನ ಸೋದರಮಾವ 1974ರಿಂದ ನಾಲ್ಕು ವರ್ಷ ಆ ಎಡಗಡೆ ಸೀಟಿನಲ್ಲಿ ಕೂತರು, ಆಮೇಲೆ ಇಪ್ಪತ್ತೆಂಟು ವರ್ಷ ಬಲಗಡೆ. ಹಾಸನದ ಆಲೂಗಡ್ಡೆ, ಸಕಲೇಶಪುರದ ಕಾಫಿ, ವಾಪಸ್ ಬರುವಾಗ ಮಂಗಳೂರು ಹೆಂಚು. ಇಲ್ಲಿರೋ ಬಹುಪಾಲು ಅವರ ಜೊತೆಗಿನ ವಾಟ್ಸಾಪ್ ಕರೆಗಳಲ್ಲಿ ಕೇಳಿದ್ದು.

ಮಾವನ ಮೊದಲ ಲಾರಿ "ಬೆಂಜ್". 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡೋಕೆ ಶುರು ಮಾಡಿತು. ಆ ಒಪ್ಪಂದ 1969ರಲ್ಲಿ ಮುಗಿಯಿತು. ಆದರೂ ಜನರ ಬಾಯಲ್ಲಿ ಟಾಟಾ ಲಾರಿ ಎಷ್ಟೋ ವರ್ಷ ಬೆಂಜ್ ಲಾರಿಯಾಗಿಯೇ ಉಳಿಯಿತು. ನಾನು ಸ್ಟುಟ್‌ಗಾರ್ಟಿಗೆ ಬಂದೆ ಅಂದಾಗ ಮಾವ ಹೇಳಿದ್ದು ಇಷ್ಟೇ: "ಬೆಂಜ್ ಊರಲ್ವೇನೋ ಅದು? ಸ್ಟೀರಿಂಗ್ ಬಹಳ ಗಟ್ಟಿ ಇತ್ತು ಅಂತ ಅವರಿಗೆ ಹೇಳ್ಬಿಡು."

ಪವರ್ ಸ್ಟೀರಿಂಗ್ ಇಲ್ಲದ ಕಾಲ ಅದು. ಲೋಡ್ ಲಾರಿಯನ್ನು ತಿರುವಿನಲ್ಲಿ ತಿರುಗಿಸೋಕೆ ಭುಜ, ಬೆನ್ನು ಎರಡೂ ಬೇಕು. ಕಂಪನಿಯಿಂದ ಬರ್ತಿದ್ದದ್ದು ಎಂಜಿನ್, ಚಾಸಿ, ಮುಂದಿನ ಮುಖ ಅಷ್ಟೇ. ಕ್ಯಾಬಿನ್, ಬಾಡಿ ಎಲ್ಲಾ ನಮ್ಮ ಕಡೆಯ ಬಡಗಿಗಳು, ವೆಲ್ಡರುಗಳು ಕಟ್ಟಿದ್ದು. ಬರೀ ಚಾಸಿಯನ್ನು ಜಮ್‌ಶೆಡ್‌ಪುರದಿಂದ ತರೋ ಡ್ರೈವರುಗಳು ಬಾಗಿಲಿಲ್ಲ, ಸೂರಿಲ್ಲ, ತಲೆಗೆ ಟವೆಲ್ ಸುತ್ತಿಕೊಂಡು ಬಿಸಿಲು ಮಳೆಯಲ್ಲಿ ದಿನಗಟ್ಟಲೆ ಓಡಿಸಬೇಕಿತ್ತು.

ಎಡಗಡೆ ಸೀಟಿನ ಪಾಠಕ್ಕೆ ಪುಸ್ತಕ ಇರಲಿಲ್ಲ, ಆದರೆ ಒಂದು ಕ್ರಮ ಇತ್ತು. ಮೊದಲನೇ ಪಾಠ ಕಿವಿಗೆ. ಲಾರಿ ನಿಂತಾಗಲೆಲ್ಲ ಕಬ್ಬಿಣದ ರಾಡ್ ಹಿಡಿದು ಒಂದೊಂದೇ ಟೈರಿಗೆ ಬಡಿಯಬೇಕು. ಗಾಳಿ ಸರಿ ಇದ್ದರೆ ರಾಡು ಪುಟಿಯುತ್ತೆ, ಕಡಿಮೆ ಇದ್ದರೆ "ಧಬ್" ಅನ್ನುತ್ತೆ. ಹಿಂದಿನ ಜೋಡಿ ಚಕ್ರದಲ್ಲಿ ಒಳಗಿನ ಟೈರ್ ಇಳಿದಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗಲ್ಲ, ಕಿವಿಯೇ ಗತಿ. ಎರಡನೇದು ಹಗ್ಗ, ಟಾರ್ಪಾಲು. ಆಲೂಗಡ್ಡೆಗೆ ಗಾಳಿ ಆಡಬೇಕು, ಇಲ್ಲದಿದ್ದರೆ ಕೊಳೆಯುತ್ತೆ. ಕಾಫಿಗೆ ಒಂದು ಹನಿ ನೀರೂ ತಾಗಬಾರದು. ಹೀಗೆ ಒಂದೊಂದು ಲೋಡಿಗೆ ಒಂದೊಂದು ಕಟ್ಟು. ಮೂರನೇದು ಮಾತು. ರಾತ್ರಿ ಎರಡರಿಂದ ಐದರವರೆಗೆ ಡ್ರೈವರ್ ಕಣ್ಣು ಮುಚ್ಚದ ಹಾಗೆ ಏನಾದರೂ ಮಾತಾಡ್ತಾನೇ ಇರಬೇಕು. "ಕ್ಲೀನರ್ ತೂಕಡಿಸಿದ್ರೆ ಇಬ್ರೂ ಹೋದ್ವಿ ಅಂತಲೇ ಲೆಕ್ಕ" ಅಂತಾರೆ ಮಾವ.

ನಾಲ್ಕನೇ ಪಾಠ ಶಿರಾಡಿ ಘಾಟಿ. ಬೆಂಗಳೂರು–ಮಂಗಳೂರು ರಸ್ತೆ ಆಗ ರಾಷ್ಟ್ರೀಯ ಹೆದ್ದಾರಿ 48, ಈಗ 75. ಹೊಸ ಲೆಕ್ಕದಲ್ಲಿ 48 ಅನ್ನೋ ನಂಬರು ಪುಣೆ ರಸ್ತೆಗೆ ಹೋಯಿತು, ಮಾವನಿಗೆ ಇದು ಇನ್ನೂ ಅನ್ಯಾಯ ಅನಿಸುತ್ತೆ. ಸಕಲೇಶಪುರ ದಾಟಿ ದೋಣಿಗಾಲ್‌ನಿಂದ ಗುಂಡ್ಯದ ಕಡೆ ಇಳಿಯುವಾಗ ನಿಯಮ ಒಂದೇ: ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ. ಆಗ ಎಂಜಿನ್ನೇ ಲಾರಿಯನ್ನು ಹಿಡಿದುಕೊಳ್ಳುತ್ತೆ. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡಿ ಇಳಿದವರ ಲಾರಿಯಲ್ಲಿ ಬ್ರೇಕು ಕಾದು ಹಿಡಿತ ಬಿಡುತ್ತೆ. ಹತ್ತುವಾಗ ಲಾರಿ ನಿಂತುಹೋದರೆ ಕ್ಲೀನರ್ ಮರದ ತುಂಡು ಹಿಡಿದು ಹಾರಿ ಹಿಂದಿನ ಚಕ್ರಕ್ಕೆ ಅಡ್ಡ ಕೊಡಬೇಕು. ಮಳೆಗಾಲದಲ್ಲಿ, ಕತ್ತಲಲ್ಲಿ, ಹದಿನಾಲ್ಕು ಹದಿನೈದು ವರ್ಷದ ಹುಡುಗರು ಮಾಡ್ತಿದ್ದ ಕೆಲಸ ಇದು.

ಮಾವನ ಗುರು ಹಾಸನದ ಕಡೆಯ ಒಬ್ಬ ಹಿರಿಯ ಡ್ರೈವರ್. ಎರಡು ವರ್ಷ ಸ್ಟೀರಿಂಗ್ ಮುಟ್ಟೋಕೆ ಬಿಡಲಿಲ್ಲ. ಬಾಯಿ ತುಂಬಾ ಬೈಗುಳ, ಹೊಗಳಿಕೆ ಮಾತ್ರ ಇಲ್ಲವೇ ಇಲ್ಲ. ಕೆಲಸ ಚೆನ್ನಾಗಿ ಮಾಡಿದ ದಿನ ಗುಂಡ್ಯದ ಹೋಟೆಲಲ್ಲಿ "ಹುಡುಗನಿಗೆ ಇನ್ನೊಂದು ದೋಸೆ ಹಾಕ್ರಿ" ಅನ್ನೋರು, ಅದೇ ಮಾರ್ಕ್ಸ್ ಕಾರ್ಡು. ಆ ಹೋಟೆಲಿನ ಯಜಮಾನರು ಇನ್ನೊಂದು ತರಹದ ಮನುಷ್ಯ. ಮೊಬೈಲ್ ಇಲ್ಲದ ಕಾಲದಲ್ಲಿ ಗಲ್ಲಾದ ಪಕ್ಕ ಮೊಳೆ ಹೊಡೆದು ಡ್ರೈವರುಗಳ ಚೀಟಿ ಸಿಗಿಸಿಡ್ತಿದ್ದರು. ಯಾರ ಮನೆಯಲ್ಲಿ ಹೆರಿಗೆ ಆಯ್ತು, ಯಾರ ಲಾರಿ ಎಲ್ಲಿ ಕೆಟ್ಟು ನಿಂತಿದೆ, ಎಲ್ಲಾ ಆ ಮೊಳೆಗೆ ಗೊತ್ತು.

ಊರೂರಿನ ಬಾಗಿಲಲ್ಲಿ ಆಕ್ಟ್ರಾಯ್ ನಾಕಾ ಬೇರೆ. ಊರೊಳಗೆ ಬರೋ ಸರಕಿಗೆ ಅಲ್ಲಿ ಸುಂಕ ಕಟ್ಟಬೇಕಿತ್ತು. ಕರ್ನಾಟಕ ಇದನ್ನು 1979ರಲ್ಲಿ ತೆಗೆಯಿತು. ಮುಂಬೈಯಲ್ಲಿ 2017ರ ಜಿಎಸ್‌ಟಿ ಬರೋ ತನಕ ಇತ್ತು. ಗಂಟೆಗಟ್ಟಲೆ ಕ್ಯೂ ಶಿಕ್ಷೆಯೇ ಸರಿ, ಆದರೆ ಡ್ರೈವರುಗಳು ಒಬ್ಬರಿಗೊಬ್ಬರು ಸಿಗ್ತಿದ್ದದ್ದು, ಕ್ಲೀನರುಗಳು ಸೀಮೆಎಣ್ಣೆ ಸ್ಟೌ ಹಚ್ಚಿ ಸಾರು ಕುದಿಸಿ ಹಂಚಿಕೊಳ್ತಿದ್ದದ್ದೂ ಅಲ್ಲೇ.

ಇಷ್ಟೂ ಮಾವ ನಗುನಗುತ್ತಾ ಹೇಳೋ ಭಾಗ. ಹೇಳದೇ ಇರೋ ಭಾಗ ಬೇರೆ ಇದೆ. ಅವರ ಕೈಕೆಳಗೆ ಕಲಿತ ಹುಡುಗರು ನಾಲ್ಕು ಜನ. ಇಬ್ಬರು ಡ್ರೈವರಾದರು, ಒಬ್ಬ ಪಂಕ್ಚರ್ ಅಂಗಡಿ ಇಟ್ಟ. ನಾಲ್ಕನೆಯವನು ಒಂದು ರಾತ್ರಿ ಕೆಟ್ಟು ನಿಂತ ಲಾರಿಯ ಹಿಂದೆ ಎಚ್ಚರಿಕೆಗೆ ಅಂತ ಕಲ್ಲು, ಸೊಪ್ಪು ಇಡೋಕೆ ಹೋದವನು ವಾಪಸ್ ಬರಲಿಲ್ಲ. ಲಾರಿಯ ಓನರ್ ಪುಸ್ತಕದಲ್ಲಿ ಆ ಹುಡುಗನ ಹೆಸರೇ ಇರಲಿಲ್ಲ, ಯಾಕಂದ್ರೆ ಅವನ ಸಂಬಳ ಹೋಗ್ತಿದ್ದದ್ದು ಡ್ರೈವರಿನ ಬಾಟಾ ದುಡ್ಡಿನಿಂದ. ಪರಿಹಾರ ಅಂತ ಏನೂ ಸಿಗಲಿಲ್ಲ. ಮಾವ ಈ ವಿಷಯ ನನಗೆ ಹೇಳಿದ್ದು ಒಂದೇ ಸಲ, ಅದೂ ಎರಡು ನಿಮಿಷದಲ್ಲಿ. ಆ ಹುಡುಗನ ಹೆಸರನ್ನು ಮಾತ್ರ ಮೂರು ಸಲ ಹೇಳಿದರು.

ಕಾನೂನು ಇರಲಿಲ್ಲ ಅಂತಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತಿತ್ತು. ಆದರೆ ಅದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ ಮಾತ್ರ ಇತ್ತು. ಒಂದೋ ಎರಡೋ ಲಾರಿ ಇಟ್ಟುಕೊಂಡ ಓನರ್ ಇದರ ಹೊರಗಿದ್ದ. ನಾನು ಇದನ್ನು ಓದಿ ಹೇಳಿದಾಗ ಮಾವ ಕೇಳಿದರು, "ಎಂಟು ಗಂಟೆನಾ? ಯಾವ ಲಾರಿಗಪ್ಪಾ ಅದು?"

ಅದಕ್ಕೇ ಇರಬೇಕು, ಅವರು ಮಗನನ್ನೂ ನನ್ನನ್ನೂ ಲಾರಿ ಹತ್ತಿರ ಸೇರಿಸಲಿಲ್ಲ. ಆಯುಧಪೂಜೆ ದಿನ ಕ್ಯಾಬಿನ್ನಿನಲ್ಲಿ ಕೂತು ಹಾರ್ನ್ ಹೊಡೆಯಬಹುದು, ಅಷ್ಟೇ. "ಸ್ಟೀರಿಂಗ್ ಮುಟ್ಟಿದ್ರೆ ಕಾಲ್ ಮುರೀತೀನಿ" ಅನ್ನೋರು. ನನ್ನ ಪಿಯುಸಿ ಫೀಸಿನಲ್ಲಿ ಅವರ ಬಾಟಾ ದುಡ್ಡೂ ಸೇರಿತ್ತು. ನಾನು ಇಲ್ಲಿ ಕೂತು ಡೇಟಾ ನೋಡ್ಕೊಂಡಿರೋದಕ್ಕೆ ಆ ಬೆದರಿಕೆಯೂ ಒಂದು ಕಾರಣ.

ಈಗ ಎಡಗಡೆ ಸೀಟು ಎಷ್ಟೋ ಲಾರಿಗಳಲ್ಲಿ ಖಾಲಿ. ಟ್ಯೂಬ್‌ಲೆಸ್ ಟೈರು ಬಂತು, ಪವರ್ ಸ್ಟೀರಿಂಗ್ ಬಂತು, ದಾರಿ ಹೇಳೋಕೆ ಫೋನ್ ಬಂತು, ಇನ್ನೊಬ್ಬನ ಖರ್ಚು ಯಾಕೆ ಅನ್ನೋ ಲೆಕ್ಕವೂ ಬಂತು. 2025ರ ಅಕ್ಟೋಬರ್‌ನಿಂದ ಹೊಸ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಒಳ್ಳೆಯದೇ. ಹದಿನಾಲ್ಕರ ಹುಡುಗ ಚಕ್ರದ ಕೆಳಗೆ ಮರದ ತುಂಡು ಕೊಡೋ ಕಾಲ ಹೋಗಿದ್ದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ಹೊಸ ಡ್ರೈವರುಗಳು ಬರ್ತಿದ್ದ ದಾರಿಯೂ ಅದೇ ಆಗಿತ್ತು. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನೋ ಲೈಸೆನ್ಸ್ ನಿಯಮವನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆದಾಗ ಡ್ರೈವರುಗಳ ಕೊರತೆಯ ಮಾತನ್ನೂ ಆಡಿತ್ತು.

ಜರ್ಮನಿಯಲ್ಲಿ ಲಾರಿ ಓಡಿಸೋದನ್ನು ಮೂರು ವರ್ಷದ ವೃತ್ತಿ ತರಬೇತಿಯಾಗಿ ಕಲಿಯಬಹುದು. ಬಹುಪಾಲು ಕಂಪನಿಯಲ್ಲಿ, ಉಳಿದದ್ದು ಶಾಲೆಯಲ್ಲಿ, ಕೊನೆಗೆ ಪರೀಕ್ಷೆ, ಮಧ್ಯೆ ಸಂಬಳವೂ ಉಂಟು. ನಾಲ್ಕೂವರೆ ಗಂಟೆ ಓಡಿಸಿದರೆ ಮುಕ್ಕಾಲು ಗಂಟೆ ವಿರಾಮ ಕಡ್ಡಾಯ. ಆದರೂ ಭಾನುವಾರ ಹೆದ್ದಾರಿ ಪಕ್ಕ ಸಾಲಾಗಿ ನಿಂತ ಲಾರಿಗಳಲ್ಲಿ ಪೋಲೆಂಡ್, ರೊಮೇನಿಯಾ, ಲಿಥುವೇನಿಯಾ ನಂಬರುಗಳೇ ಹೆಚ್ಚು ಕಾಣೋದು. ಮನೆಯಿಂದ ದೂರ ಗ್ಯಾಸ್ ಸ್ಟೌ ಮೇಲೆ ಅಡುಗೆ ಮಾಡ್ಕೊಳ್ಳೋ ಡ್ರೈವರ್ ಇಲ್ಲೂ ಇದ್ದಾನೆ. ಆದರೆ ಕಲಿಕೆಗೆ ಒಂದು ಹೆಸರಿದೆ, ಒಂದು ಕಾಗದವಿದೆ.

ಇದನ್ನೆಲ್ಲ ಹೇಳಿ ಮಾವನನ್ನು ಕೇಳಿದೆ, "ಇಷ್ಟೊಂದು ವಿದ್ಯೆ ಯಾರಿಗೂ ಕೊಡದೆ ಹೋಗುತ್ತಲ್ಲ ಮಾವ?"

"ವಿದ್ಯೆ ಅಂತ ಆಗ ಯಾರೋ ಅಂದಿದ್ರು?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮನ್ನ ಒಬ್ರಾದ್ರೂ ಮೇಷ್ಟ್ರೇ ಅಂತ ಕರೆದಿದ್ರೆ, ನಿನ್ನ ಕಾಲು ಮುರೀತೀನಿ ಅಂತಿರ್ಲಿಲ್ಲವೇನೋ."

ನಿಮ್ಮ ನೆಂಟರಲ್ಲೂ ಒಬ್ಬ ಹಳೇ ಡ್ರೈವರ್ ಇರಬಹುದು. ಮುಂದಿನ ಸಲ ಊರಿಗೆ ಹೋದಾಗ ಆನೆ ಕಥೆ ಕೇಳಿ, ಬಿಳಿ ಸೀರೆಯವಳದ್ದೂ ಕೇಳಿ. ಆಮೇಲೆ, ಆವತ್ತು ಎಡಗಡೆ ಸೀಟಿನಲ್ಲಿ ಇದ್ದವನ ಹೆಸರೇನು ಅಂತಲೂ ಕೇಳಿ.