ಚಿತ್ರದ ಹೊಳೆ, ನಿಜದ ಹೊಳೆ

ಮಂಜು ಮುಸುಕಿದ ಹೊಳೆ. ಅದರ ನಡುವೆ ಗಾಳ ಹಿಡಿದು ನಿಂತ ಏಕಾಂಗಿ. ಟ್ರೌಟ್ ಮೀನುಬೇಟೆಯ ಚಿತ್ರಗಳಲ್ಲಿ ಕಾಣುವುದು ಇಷ್ಟೇ. ಅಮೆರಿಕದ ಮಿಸೌರಿ ರಾಜ್ಯದಲ್ಲಿರುವ ಬೆನೆಟ್ ಸ್ಪ್ರಿಂಗ್ ಉದ್ಯಾನದಲ್ಲಿ ಮಾರ್ಚ್ 1ರ ನೋಟವೇ ಬೇರೆ. ಹಿಡಿದ ಮೀನನ್ನು ಮನೆಗೊಯ್ಯಬಹುದಾದ ಋತು ಅಂದು ಆರಂಭವಾಗುತ್ತದೆ. ನಸುಕಿನಲ್ಲಿಯೇ ನೂರಾರು ಜನ ದಡದುದ್ದಕ್ಕೂ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಾರೆ. ಸೈರನ್ ಮೊಳಗಿದೊಡನೆ ಗಾಳಗಳೆಲ್ಲ ಒಮ್ಮೆಗೇ ನೀರಿಗೆ ಬೀಳುತ್ತವೆ. ದಾರಕ್ಕೆ ದಾರ ತೊಡಕಿಕೊಳ್ಳುತ್ತದೆ. ಆ ಮೀನುಗಳಾದರೂ ಹೊಳೆಯ ಮಕ್ಕಳಲ್ಲ. ಸಾಕಣೆಯ ತೊಟ್ಟಿಗಳಲ್ಲಿ ಬೆಳೆದು, ಬೇಟೆಗೆಂದೇ ಇಲ್ಲಿ ಬಿಡಲ್ಪಟ್ಟವು.

ಏಕಾಂತವನ್ನು ಅರಸಿ ಬಂದ ಪ್ರತಿಯೊಬ್ಬನೂ ಮನಸ್ಸಿನಲ್ಲಿಯೇ ಗುಂಪನ್ನು ಶಪಿಸುತ್ತಾನೆ. ಆ ಗುಂಪಿನಲ್ಲಿ ತಾನೂ ಒಬ್ಬನೆಂಬುದನ್ನು ಮರೆಯುತ್ತಾನೆ. ಅಪರಿಚಿತರಿಬ್ಬರು ಬಾಗಿ, ತೊಡಕಿದ ದಾರವನ್ನು ಜೊತೆಯಾಗಿ ಬಿಡಿಸುವಾಗ ಮಾತ್ರ ಆ ಮರೆವು ಕೊಂಚ ಸರಿಯುತ್ತದೆ. ಚಿತ್ರದಲ್ಲಿ ಇಲ್ಲದಿರುವುದು ಆ ನೆರೆಯವನೇ.