ದನಿ ಬದಲಾದ ಮೇಲೆ

ಇದನ್ನು ಬರೆಯಲು ನನ್ನ ಧರ್ಮಪತ್ನಿಯ ಒಪ್ಪಿಗೆ ಪಡೆದಿದ್ದೇನೆ. ಅಕ್ಕಲಕೋಟೆಯಲ್ಲಿ ನಮ್ಮದು ಕಿರಾಣಿ ಅಂಗಡಿ, ಮಾಳಿಗೆಯಲ್ಲಿ ಮನೆ. 2018ರ ದೀಪಾವಳಿ ಹೊತ್ತಿಗೆ ಹಳ್ಳಿಯ ಗಿರಾಕಿಯೊಬ್ಬ ಮನೆಗೆ ಫೋನ್ ಮಾಡಿ, "ಸಾವಕಾರ್ರ, ಎರಡ ಚೀಲ ಸಕ್ರಿ ಕಳಸ್ರಿ" ಎಂದನಂತೆ. ಫೋನ್ ಎತ್ತಿದ್ದು ಆಕೆ. ಕೇಳಿ ನಾನು ನಕ್ಕುಬಿಟ್ಟೆ. ಆಕೆ ನಗಲಿಲ್ಲ. ಅಂದಿನಿಂದ ಫೋನ್ ಎತ್ತುವುದನ್ನೇ ಬಿಟ್ಟಳು.

ಆಗ ಆಕೆಗೆ 59. ಮುಟ್ಟು ನಿಂತು ಒಂಬತ್ತು ವರ್ಷವಾಗಿತ್ತು. ಆರೇಳು ತಿಂಗಳಿಂದ ಗದ್ದದ ಮೇಲೆ ಒರಟು ಕೂದಲು ಬರುತ್ತಿತ್ತು, ನೆತ್ತಿಯ ಕೂದಲು ಉದುರುತ್ತಿತ್ತು. ನಸುಕಿನಲ್ಲೇ ಎದ್ದು ಬಾಗಿಲು ಹಾಕಿಕೊಂಡು ಚಿಮಟದಿಂದ ಕೀಳುತ್ತಿದ್ದಳೆಂಬುದು ನನಗೆ ತಿಳಿದದ್ದು ಆಮೇಲೆ. ಬೇಳೆಗೆ ನುಸಿ ಹತ್ತಿದರೆ ದೂರದಿಂದಲೇ ಗುರುತಿಸುವವನಿಗೆ ಇದು ಕಾಣಲಿಲ್ಲ! ತೋರಿಸಿದ ಮೊದಲ ವೈದ್ಯರು "ವಯಸ್ಸಿನದು" ಎಂದು ಕಳಿಸಿಬಿಟ್ಟರು.

ಸೊಸೆ ಹಟ ಹಿಡಿದು ಸೊಲ್ಲಾಪುರಕ್ಕೆ ಕರೆದೊಯ್ದಳು. ಅಲ್ಲಿನ ಹಾರ್ಮೋನು ತಜ್ಞರ ಮೊದಲ ಪ್ರಶ್ನೆ, "ಎಷ್ಟು ದಿನದಲ್ಲಿ ಹೀಗಾಯಿತು?" ಮುಟ್ಟು ನಿಂತ ಮೇಲೆ ಹೆಣ್ಣಿನ ಹಾರ್ಮೋನು ತಗ್ಗಿದರೂ ಅಂಡಾಶಯವು ಗಂಡಿನ ಹಾರ್ಮೋನನ್ನು ಸ್ವಲ್ಪ ಉತ್ಪಾದಿಸುತ್ತಲೇ ಇರುತ್ತದಂತೆ. ಹಲವು ವರ್ಷಗಳಲ್ಲಿ ಮೆಲ್ಲಗೆ ನಾಲ್ಕು ಕೂದಲು ಬಂದರೆ ಅದು ಬಹುಮಟ್ಟಿಗೆ ವಯಸ್ಸಿನದೇ. ಕೆಲವೇ ತಿಂಗಳಲ್ಲಿ ಹೆಚ್ಚಿ, ದನಿಯೂ ಗಡುಸಾದರೆ ಗಡ್ಡೆ ಇದೆಯೇ ಎಂದು ಹುಡುಕಲೇಬೇಕು ಎಂದರು.

ರಕ್ತದಲ್ಲಿ ಟೆಸ್ಟೊಸ್ಟಿರೋನ್ 240 ಬಂತು. ಆ ವಯಸ್ಸಿನ ಹೆಂಗಸರಲ್ಲಿ 50ರ ಆಸುಪಾಸು ದಾಟುವುದಿಲ್ಲ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯ ಪರೀಕ್ಷೆ ಸರಿಯಾಗಿತ್ತು. ಸಂಶಯ ಅಂಡಾಶಯದ ಮೇಲೆ ಉಳಿಯಿತು. ಆದರೆ ಸೋನೋಗ್ರಫಿಯಲ್ಲಿ ಏನೂ ಕಾಣಲಿಲ್ಲ. "ಕಾಣದ್ದಕ್ಕೆ ಆಪರೇಶನ್ ಯಾಕ್ರಿ?" ಎಂದೆ, ಖರ್ಚಿನ ಚಿಂತೆಯೂ ಇತ್ತು, ಸುಳ್ಳು ಹೇಳಲಾರೆ. ಬಲು ಸಣ್ಣ ಗಡ್ಡೆ ಚಿತ್ರದಲ್ಲಿ ಸಿಗದಿರಬಹುದು. ಗಡ್ಡೆಯಿಲ್ಲದೆ ಅಂಡಾಶಯದ ಒಳಗಿನ ಕೋಶಗಳೇ ಬೆಳೆದಿದ್ದರೂ ಮದ್ದು ಇದೇ. ಆಪರೇಶನ್ ತಾಳದವರಿಗೆ ಮಾತ್ರ ಇಂಜೆಕ್ಷನ್, ಗುಳಿಗೆಯ ದಾರಿ ಎಂದು ತಿಳಿಹೇಳಿದರು.

2019ರ ಫೆಬ್ರವರಿಯಲ್ಲಿ ದುರ್ಬೀನು ಹಾಕಿ ಎರಡೂ ಅಂಡಾಶಯ ತೆಗೆದರು. ಎಡಗಡೆಯದರಲ್ಲಿ ಕಡಲೆಕಾಳಿನಷ್ಟು ಗಡ್ಡೆ. ಕ್ಯಾನ್ಸರ್ ಅಲ್ಲ. ತಿಂಗಳೊಪ್ಪತ್ತಿನಲ್ಲಿ 240 ಇದ್ದದ್ದು 20ಕ್ಕೆ ಇಳಿಯಿತು. ಗದ್ದದ ಕೂದಲು ತೆಳುವಾಗಲು ವರ್ಷವೇ ಹಿಡಿಯಿತು. ದನಿ ಮಾತ್ರ ಪೂರ್ತಿ ಮರಳಲಿಲ್ಲ. ಒಮ್ಮೆ ದಪ್ಪವಾದ ದನಿ ಹಾಗೆಯೇ ಉಳಿಯುವುದುಂಟಂತೆ. ನಾನು ನಕ್ಕ ದಿನವೇ ಹೊರಟಿದ್ದರೆ ಎಂದು ಈಗಲೂ ಅನಿಸುತ್ತದೆ.

ಈಗ ಫೋನ್ ಎತ್ತುತ್ತಾಳೆ. ಮೊನ್ನೆ ಅದೇ ಗಿರಾಕಿ ಮತ್ತೆ "ಸಾವಕಾರ್ರ" ಎಂದ. "ಸಾವಕಾರ್ತಿ ಮಾತಾಡಾಕತ್ತೀನಪಾ. ಹಿಂದಿನ ಬಾಕಿ ಯಾವಾಗ ಕೊಡ್ತಿ?" ಎಂದಳು.